ಗಾಜಿನ ಕೆರೆಯ ಕರೆಯದ ಒಕ್ಕಲು

ಅನುಬಿಯಾಸ್ ಗಿಡದ ದಪ್ಪ ಎಲೆಯೊಂದನ್ನು ತಿರುವಿ ನೋಡಿದರೆ ಅಡಿಭಾಗದಲ್ಲಿ, ನಡುನರದ ಪಕ್ಕಕ್ಕೆ, ಕಿರುಬೆರಳಿನ ಉಗುರಿನಷ್ಟು ಅಂಟು. ನೀರಿನಲ್ಲಿ ಮುಳುಗಿದ್ದಾಗ ಅಲ್ಲೊಂದು ವಸ್ತು ಇದೆಯೆಂದೇ ಗೊತ್ತಾಗದು. ಕಿಟಕಿಯ ಬೆಳಕಿಗೆ ಹಿಡಿದಾಗ ಲೋಳೆಯ ಅಂಚು ಮಿನುಗುತ್ತದೆ. ನೆನೆಹಾಕಿದ ಕಾಮಕಸ್ತೂರಿ ಬೀಜದ ಹಾಗೆ ತಿಳಿಯಾದ ಗುಳ್ಳೆಯೊಳಗೆ ಒಂದೊಂದು ಚುಕ್ಕಿ. ಹತ್ತಿರಬಹುದು, ಮೂವತ್ತಿರಬಹುದು. ಭೂತಗನ್ನಡಿ ಹಿಡಿದು ಸ್ವಲ್ಪ ಕಾದರೆ ಚುಕ್ಕಿಗಳು ಸುಮ್ಮನೆ ಕೂತಿಲ್ಲವೆಂದು ತಿಳಿಯುತ್ತದೆ. ಒಂದೊಂದೂ ತನ್ನ ಗುಳ್ಳೆಯೊಳಗೆ ನಿಧಾನವಾಗಿ ಗಿರಕಿ ಹೊಡೆಯುತ್ತಿದೆ. ಚಿಪ್ಪು ಇನ್ನೂ ಗಟ್ಟಿಯಾಗಿಲ್ಲ, ಆದರೂ ಮೈಮೇಲಿನ ಸೂಕ್ಷ್ಮ ರೋಮಗಳು ಬಡಿಬಡಿದು ಭ್ರೂಣವನ್ನು ಸುತ್ತಿಸುತ್ತಿವೆ. ನಮ್ಮ ಕಡೆಯ ಬೆಚ್ಚನೆಯ ನೀರಿನಲ್ಲಿ ಒಂದೆರಡು ವಾರ ಕಳೆದರೆ ಸಾಕು, ಲೋಳೆ ಸಡಿಲವಾಗಿ, ಸಾಸಿವೆಗಿಂತ ಸಣ್ಣ ಬಸವನಹುಳುಗಳು ಎಲೆಯ ಮೇಲೆ ಮೇಯಲು ಹೊರಡುತ್ತವೆ.

ಈ ಗಿಡ ಬಂದದ್ದು ಬೆಂಗಳೂರಿನ ಶಿವಾಜಿನಗರದಿಂದ. ಭಾನುವಾರ ಬೆಳಿಗ್ಗೆ ಅಲ್ಲಿನ ಮೀನಿನಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಗಪ್ಪಿಗಳು ತೂಗಾಡುತ್ತಿರುತ್ತವೆ. ಅಪ್ಪನ ಹೆಗಲೇರಿದ ಮಕ್ಕಳು ಕೆಂಪು ಮೀನೇ ಬೇಕೆಂದು ರಚ್ಚೆ ಹಿಡಿದಿರುತ್ತವೆ. ಒಳಗೆ, ಟ್ಯೂಬ್‌ಲೈಟಿನ ಕೆಳಗೆ, ಮೊಣಕಾಲೆತ್ತರದ ತೊಟ್ಟಿಯಲ್ಲಿ ಗಿಡಗಳ ಕಂತೆ: ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಕಬೊಂಬಾ, ಜಾವಾ ಪಾಚಿ. ಅಂಗಡಿಯ ಹುಡುಗ ತೋಳು ಮಡಚಿ, ಕೈಗೆ ಸಿಕ್ಕ ಕಂತೆಯನ್ನೆತ್ತಿ, ನೀರು ಕೊಡವಿ, ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ. ತೊಟ್ಟಿಯ ಗೋಡೆಯ ತುಂಬ ಅಂಟಿಕೊಂಡಿರುವ ಬಸವನಹುಳುಗಳ ಕಡೆ ಬೆರಳು ತೋರಿಸಿದರೆ "ಅದು ಫ್ರೀ ಸಾರ್" ಎಂದು ನಗುತ್ತಾನೆ. ಅವನ ಮಾತಿನಲ್ಲಿ ಸುಳ್ಳೇನಿಲ್ಲ. ಮನೆಯ ಅಕ್ವೇರಿಯಂಗೆ ಬಸವನಹುಳು ಬರುವ ದಾರಿ ಹತ್ತಕ್ಕೆ ಒಂಬತ್ತು ಪಾಲು ಇದೇ, ಗಿಡದ ಬುಡ ಮತ್ತು ಎಲೆಯ ಅಡಿ.

ನಾನು ನೋಡುತ್ತಿರುವ ತೊಟ್ಟಿ ಗೆಳೆಯನದು. ವಿಜಯನಗರದ ಎರಡನೇ ಮಹಡಿಯ ಮನೆ, ಹಜಾರದಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಎರಡಡಿ ಉದ್ದದ ಗಾಜು, ಐವತ್ತು ಚಿಲ್ಲರೆ ಲೀಟರ್ ನೀರು. ತಳಕ್ಕೆ ಕಪ್ಪು ಮಣ್ಣು. ಎಡಕ್ಕೆ ಒಂದು ಒಣಬೇರು, ಅದರ ಕೊಂಬೆಗಳಿಗೆ ದಾರದಲ್ಲಿ ಕಟ್ಟಿದ ಜಾವಾ ಪಾಚಿ. ಹಿಂಬದಿಗೆ ಕೆಂಪೇರಿದ ರೋಟಾಲಾ ಮ್ಯಾಕ್ರಾಂಡ್ರಾ, ಇದು ನಮ್ಮ ದಕ್ಷಿಣ ಭಾರತದ್ದೇ ಗಿಡ. ನಡುವೆ ಕ್ರಿಪ್ಟೊಕೊರೈನ್ ಪೊದೆಗಳು. ಅದರ ಒಂದು ಜಾತಿ ಪಶ್ಚಿಮ ಘಟ್ಟದ ಹೊಳೆಗಳ ಅಂಚಿನಲ್ಲಿ ಬಂಡೆಗಳ ಸಂದಿ ಹಿಡಿದು ಬೆಳೆಯುತ್ತದೆ. ಮೂಲೆಯ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಸಣ್ಣ ಗುಳ್ಳೆಗಳಾಗಿ ಏರುತ್ತಿದೆ. ನಿಯಾನ್ ಟೆಟ್ರಾಗಳ ಗುಂಪೊಂದು ನೀಲಿ ಗೆರೆ ಎಳೆಯುತ್ತ ಅತ್ತಿಂದಿತ್ತ ಹೋಗುತ್ತದೆ, ಪಾಚಿಯ ಮೇಲೆ ಚೆರ್ರಿ ಸೀಗಡಿಗಳು ಬಿಡುವಿಲ್ಲದೆ ಏನನ್ನೋ ಹೆಕ್ಕಿ ಬಾಯಿಗಿಡುತ್ತಿವೆ.

ಇಂಥ ತೊಟ್ಟಿಯ ಆಸೆ ಹುಟ್ಟಿಸಿದವರಲ್ಲಿ ಜಪಾನಿನ ತಕಾಶಿ ಅಮಾನೊ ಮೊದಲಿಗರು. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರು ಮೊದಲು ಸೈಕಲ್ ಪಂದ್ಯಗಳ ವೃತ್ತಿಪರ ಸವಾರ, ಆಮೇಲೆ ಛಾಯಾಗ್ರಾಹಕ. ಅವರ ಚಿತ್ರಗಳಲ್ಲಿ ಗಾಜಿನ ಪೆಟ್ಟಿಗೆ ಕಾಡಾಗುತ್ತದೆ, ಕಣಿವೆಯಾಗುತ್ತದೆ. ಮನೆಮನೆಯ ಹವ್ಯಾಸಿ ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಣ್ಣು ಹಾಸುತ್ತಾನೆ. ಬಸವನಹುಳುವಿನ ಮೇಲಿನ ಸಿಟ್ಟಿನಲ್ಲಿ ಅರ್ಧಪಾಲು ಇಲ್ಲಿಂದ ಬಂದದ್ದೆಂದು ನನ್ನ ಗುಮಾನಿ. ಹುಳು ಗಿಡವನ್ನು ಕೆಡಿಸುವುದಕ್ಕಿಂತ ಮೊದಲು ಚಿತ್ರವನ್ನು ಕೆಡಿಸುತ್ತದೆ. ನೆಂಟರು ಬಂದು ಸೋಫಾದಲ್ಲಿ ಕೂತ ಕೂಡಲೇ ಕಣ್ಣು ಹೋಗುವುದು ಮುಂದಿನ ಗಾಜಿನ ಮೇಲೆ ನಡೆಯುತ್ತಿರುವ ಕಂದು ಚುಕ್ಕಿಯ ಕಡೆಗೇ.

ಹಗಲಿನಲ್ಲಿ ಕಾಣುವುದು ಸ್ವಲ್ಪ. ನಿಜವಾದ ಲೆಕ್ಕ ಸಿಗುವುದು ರಾತ್ರಿ, ತೊಟ್ಟಿಯ ದೀಪ ಆರಿ ಗಂಟೆಯಾದ ಮೇಲೆ. ಆಗ ಟಾರ್ಚ್ ಹಾಕಿದರೆ ಮೂರು ಬಗೆಯ ಒಕ್ಕಲು ಒಟ್ಟಿಗೇ ಬೆಳಕಿಗೆ ಬರುತ್ತವೆ.

ಗಾಜಿನ ಮೇಲೆ ಎಲ್ಲಕ್ಕಿಂತ ಚುರುಕಾಗಿ ಓಡಾಡುವುದು ಬ್ಲ್ಯಾಡರ್ ಬಸವನಹುಳು. ಚಿಪ್ಪು ತೆಳ್ಳಗೆ, ಹೊಳಪಾಗಿ, ಒಳಗಿನ ಮೈಯ ಹೊಂಬಣ್ಣದ ಚುಕ್ಕೆಗಳು ಹೊರಗೇ ಕಾಣುವಷ್ಟು ತಿಳಿ. ಕೊಂಬುಗಳು ದಾರದೆಳೆಯಷ್ಟು ಸಣ್ಣವು. ಗುರುತಿಸುವುದು ಸುಲಭ: ಚಿಪ್ಪಿನ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಬಾಯಿ ಎಡಗಡೆಗಿದ್ದರೆ ಇದೇ. ಬಸವನಹುಳುಗಳಲ್ಲಿ ಬಹುಪಾಲು ಬಲಸುರುಳಿಯವು, ಇದು ಎಡಸುರುಳಿಯದು. ಇದಕ್ಕೆ ಶ್ವಾಸಕೋಶವಿದೆ. ಆಗಾಗ ಮೇಲಕ್ಕೆ ಬಂದು ಉಸಿರು ತುಂಬಿಕೊಂಡು ಹೋಗುತ್ತದೆ. ಹೋಗುವ ದಾರಿಯನ್ನೂ ತಾನೇ ಮಾಡಿಕೊಳ್ಳುತ್ತದೆ. ತಳದಿಂದ ನೀರಿನ ಮೇಲ್ಮೈವರೆಗೆ ಲೋಳೆಯ ಎಳೆಯೊಂದನ್ನು ಕಟ್ಟಿ, ಅದನ್ನು ಹಿಡಿದು ಏರಿಳಿಯುತ್ತದೆ. ಟಾರ್ಚಿನ ಬೆಳಕಿಗೆ ಎಳೆ ಕಾಣುವುದಿಲ್ಲ, ನೀರಿನ ನಡುವೆ ಆಧಾರವೇ ಇಲ್ಲದೆ ಹುಳುವೊಂದು ನೆಟ್ಟಗೆ ಮೇಲೇರುವುದಷ್ಟೇ ಕಾಣುತ್ತದೆ. ಫ್ರಾನ್ಸಿನ ದ್ರಾಪರ್ನೊ ಎಂಬ ಪ್ರಾಣಿಶಾಸ್ತ್ರಜ್ಞ 1805ರಲ್ಲಿ ಇದನ್ನು ವಿವರಿಸಿದ್ದು ಬೋರ್ಡೊ ನಗರದ ಗರೋನ್ ನದಿಯಲ್ಲಿ ಸಿಕ್ಕ ಮಾದರಿಗಳಿಂದ. ಆದರೆ ಇದರ ಮೂಲ ಉತ್ತರ ಅಮೆರಿಕ. ಹೆಸರಿಡುವ ಹೊತ್ತಿಗಾಗಲೇ ಕಡಲು ದಾಟಿ ಬಂದು ನೆಲೆಯೂರಿತ್ತು. ಈಗ ಇದು ಇಲ್ಲದ ಖಂಡವೆಂದರೆ ಅಂಟಾರ್ಟಿಕಾ ಮಾತ್ರ.

ಎರಡನೆಯದು ಅವಸರವಿಲ್ಲದ ಜೀವ. ಚಪ್ಪಟೆಯಾಗಿ ಒಂದೇ ಮಟ್ಟದಲ್ಲಿ ಸುತ್ತಿಕೊಂಡ ಚಿಪ್ಪು, ಟಗರಿನ ಕೊಂಬಿನ ಸುರುಳಿ. ಹವ್ಯಾಸಿಗಳು ರ‍್ಯಾಮ್ಸ್‌ಹಾರ್ನ್ ಎನ್ನುತ್ತಾರೆ. ಕೆಲವದರ ಮೈ ಕಡುಗೆಂಪು. ಬಹುತೇಕ ಬಸವನಹುಳುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರದಂಶವಿರುವ ವರ್ಣದ್ರವ್ಯ. ಈ ಕುಟುಂಬದಲ್ಲಿ ಮಾತ್ರ ನಮ್ಮಂತೆಯೇ ಕಬ್ಬಿಣದಂಶದ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆ ಕೆಂಪು. ಆಮ್ಲಜನಕ ಕಡಿಮೆಯಾದ ಕೊಚ್ಚೆ ನೀರಿನಲ್ಲೂ ಇವು ಬದುಕಿ ಉಳಿಯುವುದಕ್ಕೆ ಅದೂ ಒಂದು ಕಾರಣ. ನಮ್ಮ ಕೆರೆ, ಗದ್ದೆಗಳ ನೀರಿನಲ್ಲಿ ಈ ಕುಟುಂಬದ ಇಂಡೊಪ್ಲಾನಾರ್ಬಿಸ್ ಧಾರಾಳವಾಗಿದೆ. ಹಸುಗಳ ಮೂಗಿನಲ್ಲಿ ಗಂಟು ಬೆಳೆಸಿ, ಗೊರಕೆ ಹೊಡೆದಂತೆ ಉಸಿರಾಡುವ ಹಾಗೆ ಮಾಡುವ ಪರೋಪಜೀವಿಯೊಂದು ತನ್ನ ಬಾಲ್ಯವನ್ನು ಕಳೆಯುವುದು ಇದರ ಮೈಯಲ್ಲಿ. ಇದನ್ನು ಕೇಳಿದ ಗೆಳೆಯನ ಮನೆಯಾಕೆ "ತೊಟ್ಟಿಗೆ ಕೈ ಹಾಕಬಾರದೇ ಹಾಗಾದರೆ?" ಎಂದರು. ಆ ಪರೋಪಜೀವಿ ತನ್ನ ಸುತ್ತು ಮುಗಿಸಬೇಕಾದರೆ ಸೋಂಕಿದ ದನದಿಂದ ಮೊಟ್ಟೆಗಳು ನೀರಿಗೆ ಬೀಳಬೇಕು. ಎರಡನೇ ಮಹಡಿಗೆ ಹಸು ಹತ್ತಿ ಬರುವುದಿಲ್ಲವಲ್ಲ. ಮನೆಯ ತೊಟ್ಟಿಯಲ್ಲೇ ಹುಟ್ಟಿ ಬೆಳೆದವುಗಳಿಂದ ಆ ಭಯ ಬೇಡ. ಕೈಯನ್ನು ಸೋಪಿನಲ್ಲಿ ತೊಳೆದುಕೊಳ್ಳುವುದು ಹೇಗಿದ್ದರೂ ಒಳ್ಳೆಯದು.

ಮೂರನೆಯದನ್ನು ನೋಡಬೇಕಾದರೆ ಟಾರ್ಚನ್ನು ತಳಕ್ಕೆ ತಿರುಗಿಸಬೇಕು. ಮೊದಲು ಕಾಣುವುದು ಹುಳುವಲ್ಲ, ಮಣ್ಣು ಅಲುಗುವುದು. ಕಪ್ಪು ಕಾಳೊಂದು ಎದ್ದು ಪಕ್ಕಕ್ಕೆ ಉರುಳುತ್ತದೆ, ಅದರಡಿಯಿಂದ ಚೂಪು ತುದಿಯ ಉದ್ದ ಚಿಪ್ಪೊಂದು ಹೊರಬರುತ್ತದೆ. ಪಕ್ಕದಲ್ಲಿ ಇನ್ನೊಂದು, ಆಚೆಗೆ ನಾಲ್ಕು. ಹವ್ಯಾಸಿಗಳ ಬಾಯಲ್ಲಿ ಇದು ಮಲೇಷಿಯನ್ ಟ್ರಂಪೆಟ್. ಆದರೆ 1774ರಲ್ಲಿ ಡೆನ್ಮಾರ್ಕಿನ ಮ್ಯುಲರ್ ಇದನ್ನು ಮೊದಲು ದಾಖಲಿಸಿದ್ದು ಕೋರಮಂಡಲ ತೀರದ ಮಾದರಿಯಿಂದ. ಇದು ಮೊಟ್ಟೆಯಿಡುವುದಿಲ್ಲ. ಕುತ್ತಿಗೆಯ ಬಳಿಯ ಚೀಲದಲ್ಲಿ ಮರಿಗಳನ್ನು ಬೆಳೆಸಿ, ಚಿಪ್ಪು ಸಮೇತ ಹೆರುತ್ತದೆ. ಗಂಡಿನ ಹಂಗೂ ಇಲ್ಲ, ಹೆಣ್ಣೊಂದೇ ಸಂತಾನ ಮುಂದುವರಿಸಬಲ್ಲದು. ಬಾಯಿಗೆ ಮುಚ್ಚಳವಿರುವುದರಿಂದ ಅಪಾಯ ಬಂದಾಗ ಒಳಸೇರಿ ಬಾಗಿಲು ಹಾಕಿಕೊಳ್ಳುತ್ತದೆ. ಹಗಲೆಲ್ಲ ಮಣ್ಣಿನೊಳಗೇ ಇದ್ದು ಅದನ್ನು ಕೆದಕಿ ಸಡಿಲ ಮಾಡುವುದರಿಂದ ಇದನ್ನು ಬೇಕೆಂದೇ ಬಿಟ್ಟುಕೊಳ್ಳುವವರೂ ಇದ್ದಾರೆ. ಇದರ ಇನ್ನೊಂದು ಉಪಕಾರ ಎಲ್ಲರಿಗೂ ಗೊತ್ತಿರುವುದಿಲ್ಲ. ಹಾಡುಹಗಲಲ್ಲಿ ಇವು ಸಾಲುಸಾಲಾಗಿ ಗಾಜು ಹತ್ತಿ ನೀರಿನ ಅಂಚಿಗೆ ಬಂದು ಕೂತವೆಂದರೆ ತಳದಲ್ಲಿ ಆಮ್ಲಜನಕ ತಗ್ಗಿದೆ ಅಥವಾ ಏನೋ ಕೊಳೆತಿದೆ ಎಂದೇ ತಿಳಿಯಬೇಕು. ಮೀನು ಬಾಯ್ಬಿಡುವ ಮೊದಲೇ ಸಿಗುವ ಸೂಚನೆ ಅದು.

ಇಷ್ಟೊಂದು ಎಲ್ಲಿಂದ ಬಂದವು ಎಂಬುದು ಪ್ರತಿಯೊಬ್ಬರ ಪ್ರಶ್ನೆ. ಬ್ಲ್ಯಾಡರ್, ರ‍್ಯಾಮ್ಸ್‌ಹಾರ್ನ್ ಎರಡೂ ಉಭಯಲಿಂಗಿಗಳು. ಸಂಗಾತಿ ಸಿಕ್ಕರೆ ಸರಿ, ಸಿಗದಿದ್ದರೆ ತನ್ನಿಂದಲೇ ತಾನು ಗರ್ಭ ಕಟ್ಟುವ ಶಕ್ತಿ ಇವಕ್ಕಿದೆ. ಎಲೆಯಡಿಯ ಒಂದೇ ಒಂದು ಮರಿ ಬದುಕಿದರೆ ವಂಶಕ್ಕೆ ಸಾಕು. ಆದರೆ ಮೊಟ್ಟೆಯಿಡುವುದು ಬೇರೆ, ಇಟ್ಟದ್ದೆಲ್ಲ ಬೆಳೆಯುವುದು ಬೇರೆ. ತಿನ್ನಲು ಇದ್ದಷ್ಟೇ ಹುಳು ಬೆಳೆಯುತ್ತದೆ. ಗೆಳೆಯನ ಹಜಾರದಲ್ಲಿ ಒಂದು ಸಂಜೆ ಕೂತರೆ ಲೆಕ್ಕ ಬಿಡಿಸಿಟ್ಟಂತೆ ಕಾಣುತ್ತದೆ. ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳು ಒಂದು ಚಿಟಿಕೆ ಹಾಕಿ ಹೋಗಿರುತ್ತಾಳೆ. ಮಧ್ಯಾಹ್ನ ಅಜ್ಜಿಗೆ ಮೀನುಗಳು ಗಾಜಿನ ಬಳಿ ಬಂದು ತನ್ನನ್ನೇ ನೋಡಿದಂತೆ ಅನಿಸುತ್ತದೆ. ಮುಖ ನೋಡುತ್ತಿರುವ ಪ್ರಾಣಿಗೆ ಏನೂ ಕೊಡದೆ ಎದ್ದುಹೋಗುವುದು ಅವರ ಜಾಯಮಾನವಲ್ಲ. ಸಂಜೆ ಪಕ್ಕದ ಮನೆಯ ಮಗು ಬಂದರೆ ಅದರ ಪಾಲಿನದೊಂದು ಚಿಟಿಕೆ. ರಾತ್ರಿ ಯಜಮಾನರದು, ಅಧಿಕೃತವಾಗಿ. ಬಣ್ಣದ ಚೂರುಗಳು ತೇಲುತ್ತವೆ, ಟೆಟ್ರಾಗಳು ಎರಡು ನಿಮಿಷ ಮುಗಿಬೀಳುತ್ತವೆ, ಉಳಿದದ್ದು ಓಲಾಡುತ್ತ ಇಳಿದು ಕ್ರಿಪ್ಟೊಕೊರೈನ್ ಎಲೆಗಳ ಮೇಲೆ, ಪಾಚಿಯ ಸಂದಿಯಲ್ಲಿ, ಮಣ್ಣಿನ ಬಿರುಕಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಪಾಳಿ ಬಸವನಹುಳುಗಳದು. ನಿಯಾನ್ ಟೆಟ್ರಾದ ಹೊಟ್ಟೆ ಅದರ ಕಣ್ಣಿಗಿಂತ ಬಹಳ ದೊಡ್ಡದೇನಲ್ಲ ಎಂದರೆ ಅಜ್ಜಿ ನಂಬುವುದಿಲ್ಲ.

ಬೋರ್‌ವೆಲ್ ನೀರಿದ್ದರೆ ಇವಕ್ಕೆ ಇನ್ನೂ ಅನುಕೂಲ. ಅದರ ಸುಣ್ಣದಂಶ ಚಿಪ್ಪಿಗೆ ಸಿದ್ಧ ಸಾಮಗ್ರಿ. ಮೆದುನೀರಿನ ತೊಟ್ಟಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ನೀರು ಹುಳಿಯತ್ತ ವಾಲಿದಾಗ ಚಿಪ್ಪಿನ ಹಳೆಯ ಭಾಗ ಸವೆದು ಬೆಳ್ಳಗಾಗುತ್ತದೆ, ಗುಳಿ ಬೀಳುತ್ತದೆ. ಹಾಗೆಂದು ನೀರನ್ನೇ ಹುಳಿ ಮಾಡಿ ಹುಳು ಓಡಿಸಹೊರಟರೆ ಮೀನು ಮೊದಲು ಸಂಕಟಪಡುತ್ತದೆ.

ಇನ್ನು ಆರೋಪಪಟ್ಟಿ. ಎಲೆಗಳಲ್ಲಿ ತೂತು ಕಂಡರೆ ಹುಳುವಿನ ಮೇಲೆ ಬೆರಳು. ಅದರ ಬಾಯಲ್ಲಿರುವುದು ಅರದಂಥ ನಾಲಿಗೆ, ಅದರ ಮೇಲೆ ಸಾಲುಸಾಲು ಸೂಕ್ಷ್ಮ ಹಲ್ಲು. ಗಾಜಿನ ಮೇಲಿನ ಹಸಿರು ಪೊರೆಯನ್ನು ಅದು ಕೆರೆದುಕೊಂಡು ಹೋದ ದಾರಿ ಅಡ್ಡಾದಿಡ್ಡಿ ಗೀರಾಗಿ ಮರುದಿನವೂ ಉಳಿದಿರುತ್ತದೆ. ಆ ಹಲ್ಲಿಗೆ ಪಾಚಿ, ಬ್ಯಾಕ್ಟೀರಿಯಾ ಪೊರೆ, ಕೊಳೆಯುತ್ತಿರುವ ಎಲೆ ಸಲೀಸು. ಗಟ್ಟಿಮುಟ್ಟಾದ ಎಲೆ ಅಷ್ಟು ಸುಲಭವಲ್ಲ. ಕೆರೆಯ ದೊಡ್ಡ ಬಸವನಹುಳುಗಳು, ಆಪಲ್ ಸ್ನೇಲ್ ಬಳಗದ ಕೆಲವು, ನಿಜಕ್ಕೂ ಗಿಡ ಮೇಯುತ್ತವೆ. ನಮ್ಮ ಮೂವರ ವಿಷಯ ಹಾಗಲ್ಲ. ಹೈಗ್ರೊಫಿಲಾ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು, ಅಂಚು ಹಳದಿಯಾಗಿ ಹಿಗ್ಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಪೊಟ್ಯಾಸಿಯಂ ಕೊರತೆಯನ್ನು. ಸಾಯುತ್ತಿರುವ ಆ ಅಂಚನ್ನು ತಿನ್ನಲು ಹುಳು ಬಂದು ಕೂತಿರುತ್ತದೆ, ನಾವು ಬಂದು ನೋಡುವುದು ಆಗ.

ಆದರೂ ಗಾಜಿನ ತುಂಬ ಹುಳು ಯಾರಿಗೆ ಬೇಕು? ಫಿಲ್ಟರಿನ ಬಾಯಿಗೆ ಸೇರಿಕೊಂಡು ಪಂಪಿನ ಚಕ್ರ ನಿಲ್ಲಿಸುತ್ತವೆ. ಲೋಳೆಯ ಮೊಟ್ಟೆಗಳು ಗಾಜನ್ನು ಮಬ್ಬಾಗಿಸುತ್ತವೆ. ಕಡಿಮೆ ಮಾಡುವ ಕೆಲಸ ಗೆಳೆಯನ ಮನೆಯಲ್ಲಿ ಶುರುವಾದದ್ದು ಅಡುಗೆಮನೆಯಿಂದ. ಸೌತೆಕಾಯಿಯ ಒಂದು ದಪ್ಪ ಬಿಲ್ಲೆ, ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿ ಮೆತ್ತಗಾಗಿಸಿದ್ದು. ಮುಳುಗಲೆಂದು ಅದಕ್ಕೊಂದು ಸ್ಟೀಲಿನ ಫೋರ್ಕ್ ಚುಚ್ಚಿ ದೀಪ ಆರುವ ಹೊತ್ತಿಗೆ ತಳಕ್ಕಿಳಿಸಿದರು. ಅರ್ಧ ಗಂಟೆಯೊಳಗೆ ಮೊದಲ ರ‍್ಯಾಮ್ಸ್‌ಹಾರ್ನ್ ದಿಕ್ಕು ಬದಲಿಸಿತು. ಆಮೇಲೆ ಎಲ್ಲ ಕಡೆಯಿಂದಲೂ ಬಂದವು. ಬೇರಿನ ಕೊಂಬೆಯಿಂದ ಇಳಿದವು, ಮಣ್ಣಿನಿಂದ ಎದ್ದವು, ಗಾಜಿನ ಮೇಲಿದ್ದವು ಹಿಡಿತ ಬಿಟ್ಟು ಧೊಪ್ಪನೆ ಬಿದ್ದು ಅಲ್ಲಿಂದ ತೆವಳಿದವು. ಬೆಳಿಗ್ಗೆ ಹೊತ್ತಿಗೆ ಬಿಲ್ಲೆಯ ಹಸಿರು ಕಾಣದಷ್ಟು ಚಿಪ್ಪು. ಫೋರ್ಕಿನ ಹಿಡಿಕೆ ಹಿಡಿದು ಮೆಲ್ಲನೆ ಎತ್ತಿದರೆ ಅರ್ಧ ಜನ ಅಂಟಿಕೊಂಡೇ ಮೇಲೆ ಬರುತ್ತಾರೆ. ಜರ‍್ರನೆ ಎತ್ತಿದರೆ ಎಲ್ಲರೂ ಉದುರಿ ಹೋಗುತ್ತಾರೆ. ದಂಟಿನ ಸೊಪ್ಪು, ಪಾಲಕ್, ಎಲೆಕೋಸಿನ ಹೊರಪದರ ಯಾವುದಾದರೂ ಆಗುತ್ತದೆ. ಬಿಲ್ಲೆಯನ್ನು ಮಧ್ಯಾಹ್ನದವರೆಗೆ ನೀರಿನಲ್ಲೇ ಮರೆತರೆ ಮಾತ್ರ ಹಿಡಿದದ್ದಕ್ಕಿಂತ ಹೆಚ್ಚು ಹುಳುಗಳಿಗೆ ಊಟ ಹಾಕಿದಂತೆ.

ಜೊತೆಗೆ ಉಳಿದ ಸಣ್ಣಪುಟ್ಟ ಕೆಲಸ. ಮೀನಿನ ಆಹಾರದ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿ, ದಿನಕ್ಕೊಂದೇ ಸಲ, ಒಬ್ಬರೇ ಹಾಕುವುದೆಂದು ಗೊತ್ತು ಮಾಡಿದರು. ಅಜ್ಜಿಗೆ ಭಾನುವಾರದ ಪಾಳಿ. ಹಳದಿಯಾದ ಎಲೆಯನ್ನು ಕತ್ತರಿಸಿ ತೆಗೆಯುವುದು, ವಾರಕ್ಕೊಮ್ಮೆ ನೀರು ಬದಲಿಸುವಾಗ ಸೈಫನ್ ಕೊಳವೆಯ ಬಾಯನ್ನು ತಳದ ಕಸದ ಮೇಲೆ ಆಡಿಸುವುದು, ಗಾಜಿನ ಮೇಲಿನ ಲೋಳೆಯನ್ನು ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯುವುದು. ಕೆರೆದ ಲೋಳೆಯನ್ನು ಎತ್ತಿ ಹಾಕಬೇಕು; ತಳಕ್ಕೆ ಬಿದ್ದದ್ದು ಅಲ್ಲೇ ಒಡೆದು ಮರಿಯಾಗುತ್ತದೆ. ಇದರಲ್ಲಿ ಯಾವ ಚಮತ್ಕಾರವೂ ಇಲ್ಲ. ತಿಂಗಳೆರಡು ತಿಂಗಳು ಕಳೆದಾಗ ಮೊದಲು ಕಡಿಮೆಯಾಗುವುದು ದೊಡ್ಡವಲ್ಲ, ಮರಿಗಳು. ಟಾರ್ಚಿನ ಬೆಳಕಿನಲ್ಲಿ ಸಾಸಿವೆ ಗಾತ್ರದವು ಕಾಣದಾದರೆ ಊಟ ಕಡಿತವಾದದ್ದು ಅವಕ್ಕೆ ತಲುಪಿದೆ ಎಂದರ್ಥ.

ತಿಂಗಳು ಯಾರು ಕಾಯುತ್ತಾರೆ ಎನ್ನುವವರಿಗೆ ಅಂಗಡಿಯಲ್ಲಿ ಬಾಟಲಿಯಿದೆ. ತಾಮ್ರದ ಔಷಧ. ಪರಿಚಿತರೊಬ್ಬರ ತೊಟ್ಟಿಯಲ್ಲಿ ಅದನ್ನು ಸುರಿದ ಮರುದಿನದ ನೋಟವನ್ನು ನಾನು ಕಂಡಿದ್ದೇನೆ. ನೀರು ಗಂಜಿ ಬೆರೆಸಿದಷ್ಟು ಮಬ್ಬು. ಸೀಗಡಿಗಳು ಕೆಂಪು ಬಣ್ಣ ಬಿಟ್ಟು ಬೆಳ್ಳಗಾಗಿ ಪಕ್ಕಕ್ಕೆ ಬಿದ್ದಿದ್ದವು. ಬ್ಲ್ಯಾಡರ್‌ಗಳು ಚಿಪ್ಪಿನಿಂದ ಅರ್ಧ ಹೊರಬಂದು ಓಲಾಡುತ್ತಿದ್ದವು. ಮೀನುಗಳು ಮೇಲ್ಮೈಯಲ್ಲಿ ಗಾಳಿ ಗುಟುಕರಿಸುತ್ತಿದ್ದವು. ಕೋಣೆಯ ತುಂಬ ಮೂಗು ಮುಚ್ಚಿಕೊಳ್ಳುವ ನಾತ. ತಾಮ್ರ ಹುಳುವನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಸೀಗಡಿಯನ್ನೂ ಕೊಲ್ಲುತ್ತದೆ, ಪಾಚಿಗಿಡಗಳನ್ನೂ ಸುಡುತ್ತದೆ. ಮಣ್ಣಿಗೆ ಅಂಟಿಕೊಂಡು ಉಳಿಯುವುದರಿಂದ ಮುಂದೆ ತಂದುಬಿಟ್ಟ ಸೀಗಡಿಗೂ ತೊಂದರೆ. ಅದಕ್ಕಿಂತ ದೊಡ್ಡ ಪೆಟ್ಟು ಹೆಣಗಳದ್ದು. ನೂರಾರು ಹುಳು ಒಂದೇ ರಾತ್ರಿ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ, ಕೊಳೆಯಿಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಹೀರಿಬಿಡುತ್ತದೆ, ಮೀನಿಗೆ ಎರಡು ಕಡೆಯಿಂದಲೂ ಉಸಿರು ಕಟ್ಟುತ್ತದೆ. ಇಷ್ಟಾಗಿ ಮಣ್ಣಿನೊಳಗಿನ ಟ್ರಂಪೆಟ್‌ಗಳಲ್ಲಿ ಕೆಲವು ಮುಚ್ಚಳ ಹಾಕಿಕೊಂಡು ಬದುಕಿಯೂ ಬಿಡುತ್ತವೆ. ಸೀಗಡಿ ಇರುವ, ಗಿಡ ಇರುವ ತೊಟ್ಟಿಗೆ ಆ ಬಾಟಲಿಯನ್ನು ಮಾರುವುದೇ ತಪ್ಪು ಎನ್ನುವವನು ನಾನು.

ಔಷಧಕ್ಕಿಂತ ಬೇಟೆಗಾರ ವಾಸಿ. ಆಗ್ನೇಯ ಏಷ್ಯಾದಿಂದ ಬರುವ ಅಸಾಸಿನ್ ಸ್ನೇಲ್ ಎಂಬ ಹಳದಿ–ಕಂದು ಪಟ್ಟೆಯ ಬಸವನಹುಳು ತಾನೂ ಬಸವನಹುಳುವೇ ಆಗಿ ಉಳಿದವನ್ನು ತಿನ್ನುತ್ತದೆ. ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು, ಆನೆಯ ಸೊಂಡಿಲಿನಂಥ ಒಂದು ಕೊಳವೆಯನ್ನು ಮಾತ್ರ ಹೊರಗಿಟ್ಟು ನೀರಿನ ವಾಸನೆ ಹಿಡಿಯುತ್ತಿರುತ್ತದೆ. ಹಾದಿಯಲ್ಲಿ ರ‍್ಯಾಮ್ಸ್‌ಹಾರ್ನ್ ಒಂದು ನಡೆದುಹೋದರೆ ಮರಳು ಬಿರಿಯುತ್ತದೆ. ಓಟವೇನಿಲ್ಲ, ಎರಡೂ ಕಡೆಯದು ತೆವಳಾಟ. ಆದರೆ ಇದು ಹುಳುವಿನ ಲೋಳೆಯ ಜಾಡನ್ನೇ ಹಿಡಿದು ಹೋಗುವುದರಿಂದ ದಾರಿ ತಪ್ಪುವುದಿಲ್ಲ. ಮುಟ್ಟಿದ ಕೂಡಲೇ ಮುನ್ನುಗ್ಗಿ, ಚಿಪ್ಪನ್ನು ಪಾದದಲ್ಲಿ ಅಪ್ಪಿ ಹಿಡಿದು, ಬಾಯಿಂದ ಇನ್ನೊಂದು ಕೊಳವೆಯನ್ನು ಹೊರಚಾಚಿ ಒಳಕ್ಕೆ ತೂರಿಸುತ್ತದೆ. ಮುಂದಿನದು ನೋಡುವವರ ಧೈರ್ಯಕ್ಕೆ ಬಿಟ್ಟದ್ದು. ಗಂಟೆಗಟ್ಟಲೆ ಅಲುಗಾಡದೆ ಕೂತು ಎದ್ದುಹೋದ ಮೇಲೆ ಉಳಿಯುವುದು ತೊಳೆದಿಟ್ಟಂಥ ಖಾಲಿ ಚಿಪ್ಪು. ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಒಂದು ಕೋಶದಲ್ಲಿ ಒಂದೇ ಮೊಟ್ಟೆ, ಬೆಳವಣಿಗೆ ನಿಧಾನ. ಹಾಗಾಗಿ ಇವೇ ಹೊಸ ಕಾಟವಾಗುವ ಭಯ ಕಡಿಮೆ. ಎರಡಡಿ ತೊಟ್ಟಿಗೆ ಮೂರು ನಾಲ್ಕು ಧಾರಾಳ. ಹಣ ಕೊಟ್ಟು ತಂದ ನೆರೈಟ್ ಬಸವನಹುಳುಗಳಿದ್ದರೆ ಮಾತ್ರ ಯೋಚಿಸಬೇಕು, ಇದಕ್ಕೆ ಬೇಕಾದವು ಬೇಡವಾದವು ಎಂಬ ಭೇದವಿಲ್ಲ.

ಅಂಗಡಿಯವರು ಇದಕ್ಕಿಂತ ಹುರುಪಿನಿಂದ ತೋರಿಸುವುದು ಲೋಚ್ ಮೀನುಗಳನ್ನು. ಕಿತ್ತಳೆ ಬಣ್ಣದ ಮೇಲೆ ಕರಿ ಪಟ್ಟೆಯ ಕ್ಲೌನ್ ಲೋಚ್, ಅಂಗಡಿಯಲ್ಲಿ ಎರಡಂಗುಲ. ಸುಮಾತ್ರಾ, ಬೋರ್ನಿಯೊ ನದಿಗಳ ಆ ಮೀನು ಬೆಳೆದರೆ ಒಂದಡಿಯಾಗುತ್ತದೆ, ಎರಡಡಿ ತೊಟ್ಟಿಯಲ್ಲಿ ಅದು ತಿರುಗುವುದಾದರೂ ಹೇಗೆ? ಅದರ ಪಕ್ಕದಲ್ಲೇ ಚಿಕ್ಕದೊಂದಿರುತ್ತದೆ, ಮೈತುಂಬ ಸಣ್ಣ ಸಣ್ಣ ಅಡ್ಡಗೆರೆ, ಮೂತಿಯ ಸುತ್ತ ಮೀಸೆ. ಜೀಬ್ರಾ ಲೋಚ್. ಬೆಳೆದರೂ ಹತ್ತು ಸೆಂಟಿಮೀಟರ್ ದಾಟದು, ಸಂಭಾವಿತ ಸ್ವಭಾವ. ಗುಂಪಿನಲ್ಲಿ ಬಿಟ್ಟರೆ ಮೂತಿಯನ್ನು ಚಿಪ್ಪಿಗೆ ತೂರಿಸಿ ಹುಳುವನ್ನು ಚೀಪಿ ಎಳೆಯುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮೀನಿಲ್ಲ ಎಂದು ಅಂಗಡಿಯವರು ಹೇಳುವುದು ನಿಜವೇ. ಅವರು ಹೇಳದೇ ಬಿಡುವುದು, ಇದು ನಮ್ಮ ತುಂಗೆಯ ಮೀನು ಎಂಬುದನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ 1920ರಲ್ಲಿ ತುಂಗಾ ನದಿಯ ಮಾದರಿಗಳಿಂದ ಇದನ್ನು ವಿವರಿಸಿ ಬೋಟಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟರು. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲ ಇಂದು ಅವರ ಹೆಸರನ್ನು ಹೊತ್ತಿದೆ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಬದುಕುವ ಈ ಮೀನು ಈಗ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ವರ್ಗದಲ್ಲಿದೆ. ಹೊಳೆಯ ಪಾತ್ರ ಕೆಡುತ್ತಿರುವುದು ಒಂದು ಕಾರಣ, ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿಯುವುದು ಇನ್ನೊಂದು. ಸೌತೆಕಾಯಿಯ ಬಿಲ್ಲೆ ಮಾಡಬಹುದಾದ ಕೆಲಸಕ್ಕೆ ತುಂಗೆಯಿಂದ ಆರು ಲೋಚ್ ತರಿಸುವುದು ನನಗೆ ಒಪ್ಪದ ವ್ಯಾಪಾರ. ಹೊಳೆಯಲ್ಲಿ ಹಿಡಿದದ್ದೋ ಸಾಕಿ ಮರಿಮಾಡಿಸಿದ್ದೋ ಎಂದು ಅಂಗಡಿಯಲ್ಲಿ ಕೇಳಿ ನೋಡಿ. "ಒಳ್ಳೇ ಹೆಲ್ದಿ ಮಾಲು ಸಾರ್" ಎಂಬ ಉತ್ತರ ಬರುತ್ತದೆ.

ಬಾಗಿಲಲ್ಲೇ ತಡೆಯುವುದಾದರೆ ಇದೆಲ್ಲ ಬೇಕಾಗುವುದೇ ಇಲ್ಲ. ಹೊಸ ಗಿಡವನ್ನು ಪಟಿಕದ ನೀರಿನಲ್ಲಿ, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ, ಒಂದು ದಿನ ನೆನೆಹಾಕಿ ತೊಳೆಯುವುದು ಹವ್ಯಾಸಿಗಳ ಹಳೆಯ ಪದ್ಧತಿ. ಹತ್ತೊಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಎರಡು ನಿಮಿಷ ಅದ್ದಿ, ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಚೆನ್ನಾಗಿ ಜಾಲಿಸುವವರಿದ್ದಾರೆ. ಅನುಬಿಯಾಸ್ ತಡೆಯುತ್ತದೆ, ಜಾವಾ ಪಾಚಿ ಮತ್ತು ವ್ಯಾಲಿಸ್ನೇರಿಯಾ ತಡೆಯುವುದಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ನೀರು ಹುಳುವಿಗೆ ಸರಿ, ಲೋಳೆಯೊಳಗಿನ ಮೊಟ್ಟೆಗೆ ಅಷ್ಟು ನಂಬಿಕೆಯದಲ್ಲ. ಯಾವುದೂ ಬೇಡವೆಂದರೆ ಬಾಲ್ಕನಿಯ ಬಕೆಟ್ಟಿನಲ್ಲಿ ಎರಡು ಮೂರು ವಾರ ಗಿಡವನ್ನು ಪ್ರತ್ಯೇಕ ಇಟ್ಟರೆ ಒಡೆಯುವ ಮೊಟ್ಟೆಯೆಲ್ಲ ಅಲ್ಲೇ ಒಡೆಯುತ್ತದೆ, ಆರಿಸಿ ತೆಗೆಯಬಹುದು. ಪ್ರಯೋಗಾಲಯದಲ್ಲಿ ಅಗರಿನ ಮೇಲೆ ಬೆಳೆಸಿದ ಟಿಶ್ಯೂ ಕಲ್ಚರ್ ಗಿಡದ ಕಪ್ಪುಗಳೂ ಈಗ ಸಿಗುತ್ತವೆ. ಅದರಲ್ಲಿ ಹುಳು ಇಲ್ಲ, ಮೊಟ್ಟೆ ಇಲ್ಲ, ಬೆಲೆ ಮಾತ್ರ ಇದೆ.

ಹಿಡಿದ ಹುಳುಗಳನ್ನು ಏನು ಮಾಡುವುದು? ಕೆರೆಗೆ, ರಾಜಕಾಲುವೆಗೆ ಸುರಿಯುವುದಂತೂ ಕೂಡದು. ಅಮೆರಿಕದ ಬ್ಲ್ಯಾಡರ್ ಲೋಕವೆಲ್ಲ ಹಬ್ಬಿದ್ದು ಯಾರೋ ಎಲ್ಲೋ ಹೀಗೆ ಕೈ ತೊಳೆದುಕೊಂಡದ್ದರಿಂದಲೂ ಇರಬೇಕು. ಗೆಳೆಯನ ಮನೆಯಲ್ಲಿ ಈ ಸಮಸ್ಯೆ ಬಗೆಹರಿದದ್ದು ಕೆಳಮನೆಯ ಹೈಸ್ಕೂಲು ಹುಡುಗನಿಂದ. ಅವನು ಸಾಕಿರುವುದು ಬಟಾಣಿ ಪಫರ್, ಕೇರಳದ ನದಿಗಳ ಒಂದಂಗುಲದ ಮೀನು. 1941ರಲ್ಲಿ ಹೋರಾ ಮತ್ತು ನಾಯರ್ ತಿರುವಾಂಕೂರಿನ ಹೆಸರಿನಲ್ಲಿ ದಾಖಲಿಸಿದ್ದು. ಅದೂ ಕೆಂಪುಪಟ್ಟಿಯಲ್ಲಿದೆ, ಆ ಬಗ್ಗೆ ಅವನಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೂ ಆಗಿದೆ. ಒಂದೊಂದು ಕಣ್ಣನ್ನೂ ಬೇರೆ ಬೇರೆ ದಿಕ್ಕಿಗೆ ಹೊರಳಿಸುತ್ತ, ಹುಳುವಿನ ಮುಂದೆ ನೀರಿನಲ್ಲೇ ನಿಂತು, ಓರೆಯಾಗಿ ನೋಡಿ, ಫಕ್ಕನೆ ಒಂದು ಕಚ್ಚು. ಚೂರು ಆಹಾರವನ್ನು ಅದು ಮೂಸಿಯೂ ನೋಡುವುದಿಲ್ಲ. ಹುಡುಗ ಭಾನುವಾರ ಹಾರ್ಲಿಕ್ಸ್ ಸೀಸೆ ಹಿಡಿದು ಮೇಲೆ ಬರುತ್ತಾನೆ, ಸೌತೆಕಾಯಿ ಬಿಲ್ಲೆಯನ್ನು ಹುಳು ಸಮೇತ ಅದರಲ್ಲಿ ಕೊಡವಿಕೊಳ್ಳುತ್ತಾನೆ. ಡಬ್ಬಿ ಶೆಲ್ಫ್ ಏರಿದ ಮೇಲೆ ಸೀಸೆ ಅರ್ಧಕ್ಕೂ ತುಂಬುತ್ತಿಲ್ಲ. "ಇಷ್ಟೇನಾ ಅಂಕಲ್, ಈ ವಾರ?" ಎಂದು ಮುಖ ಸಣ್ಣ ಮಾಡುತ್ತಾನೆ. ಅಜ್ಜಿಯ ಜೊತೆ ಒಂದೆರಡು ಮಾತಾಡಿಯೂ ನೋಡಿದ್ದಾನೆ, ಮೀನುಗಳು ಸೊರಗಿದಂತೆ ಕಾಣುತ್ತವೆ ಎಂದು. ಅದು ನಡೆಯದೆ ಈಗ ತನ್ನ ಬಾಲ್ಕನಿಯಲ್ಲೇ ಬಕೆಟ್ ಇಟ್ಟು, ಹತ್ತು ರ‍್ಯಾಮ್ಸ್‌ಹಾರ್ನ್ ಬಿಟ್ಟು, ಪಾಲಕ್ ಸೊಪ್ಪಿನ ಜೊತೆ ಚಿಪ್ಪು ಗಟ್ಟಿಯಾಗಲೆಂದು ಮೊಟ್ಟೆಯ ಓಡನ್ನೂ ಪುಡಿಮಾಡಿ ಹಾಕುತ್ತಿದ್ದಾನೆ. ಮರಿ ಬೇಗ ಬೆಳೆಯಲು ಮತ್ತೇನು ಹಾಕಬೇಕೆಂದು ಹೋದ ವಾರ ಕೇಳಿದ. ಮೀನಿನ ಆಹಾರ ದಿನಕ್ಕೆ ನಾಲ್ಕು ಚಿಟಿಕೆ ಸಾಕು ಎಂದು ಅಜ್ಜಿಯೇ ಹೇಳಿಕೊಟ್ಟರು.